ಬ್ರೀಡಾ ಅಜ್ಜಿಯ ಜಾಗ

ಲೈಟ್ ಆರಿಸ್ಬೇಡಿ, ಇರಲಿ... ಇದು ಕಟ್ಟುಕತೆ ಅಲ್ಲ. ನಮ್ಮ ಚಿಕ್ಕಪ್ಪನ ಮಗಳು ದಾಕ್ಷಾಯಿಣಿಗೆ ಆಗಿದ್ದು. ಕೊರೊನಾ ಕಾಲ. ಫಾರಿನ್ನಲ್ಲಿ, ನೇಸ್ ಅನ್ನೋ ಊರಲ್ಲಿ ರೂಮ್ ಮಾಡ್ಕೊಂಡು ಮಾಸ್ಟರ್ಸ್ ಓದ್ತಿದ್ಲು.

ಡಿಸೆಂಬರ್. ಅಲ್ಲಿ ಟೀ ಹೊತ್ತಿಗೇ ಕತ್ತಲೆ. ಹತ್ತಿರದ ಊರಿನ ಹಳೇ ಕೆಥೆಡ್ರಲ್, ಅದೇ ದೊಡ್ಡ ಚರ್ಚು, ನೋಡೋಣ ಅಂತ ಹೊರಟ್ಲು. ಬಸ್ ಇಳಿದು, ಮುಚ್ಚಳ ಹಾಕಿದ ಒಂದು ಬಾವಿ ದಾಟಿ, ಒಬ್ಬಳೇ ನಡೆದ್ಲು. ನೋಡೋಕೆ ಬಂದೋರಿಗೆ ಟಿಕೆಟ್. ಪ್ರಾರ್ಥನೆಗೆ ಬಂದೋರಿಗೆ ಫ್ರೀ. ಬಾಗಿಲಲ್ಲಿ ಮಾಸ್ಕ್ ಹಾಕಿದ ಮುದುಕ ಜನ ಎಣಿಸಿ ಬಿಡ್ತಿದ್ದ.

"ಪ್ರಾರ್ಥನೆಗೆ," ಅಂದ್ಲು. ಹಸೀ ಸುಳ್ಳು.

"ಗ್ರ್ಯಾಂಡ್, ಆಯ್ತು. ನೀವೇ ಕೊನೇಯವರು," ಅಂದ ಮುದುಕ.

ಹಿಂದೆ ಒಬ್ಬ ಅಜ್ಜಿ. "ಇವತ್ತು ನನ್ನ ಗಂಡನ ಹೆಸರಲ್ಲಿ ಪ್ರಾರ್ಥನೆ ಕಣಪ್ಪ. ಮಣ್ಣು ಮಾಡಿದಾಗ ನಂಗೂ ಕೊರೊನಾ... ಬರೋಕಾಗ್ಲಿಲ್ಲ."

"ಗೊತ್ತು ಬ್ರೀಡಾ. ಲೆಕ್ಕ ತುಂಬೋಯ್ತು. ಏನ್ ಮಾಡ್ಲಿ?"

ಇವಳಿಗೆ ಎಲ್ಲಾ ಕೇಳಿಸ್ತು. ನನ್ನ ಜಾಗ ತಗೊಳ್ಳಿ ಅಂದಿದ್ರೆ ಮುಗೀತಿತ್ತು. ಅನ್ನಲಿಲ್ಲ. ಸುಳ್ಳು ಹೊರಗೆ ಬಂದು ಎಲ್ಲರ ಮುಂದೆ ಮಾನ ಹೋಗತ್ತೆ ಅಂತ... ತಲೆ ತಗ್ಗಿಸ್ಕೊಂಡು ಒಳಗೆ ಹೋಗಿಬಿಟ್ಲು.

ಬೆಂಚಿಗೆ ಒಬ್ಬರೇ ಕೂರ್ಬೇಕು. ಕೂತ್ಲು. ದೇವರಿರೋ ಜಾಗ ಅಲ್ವಾ, ಅಭ್ಯಾಸ, ಶೂ ಬಿಚ್ಚಿ ಕೆಳಗಿಟ್ಲು.

ಚಪ್... ಚಪ್... ಒದ್ದೆ ಕಾಲಿನ ಸದ್ದು. ಪಕ್ಕದಲ್ಲಿ ಬೆಂಚು ಕಿರ್ರ್ ಅಂತು. ತಿರುಗಿ ನೋಡೋ ಧೈರ್ಯ ಇಲ್ಲ. ಕಣ್ಣು ಮಾತ್ರ ಕೆಳಗೆ ಹೋಯ್ತು. ಅವಳ ಶೂ ಪಕ್ಕದಲ್ಲಿ, ಇವಳನ್ನ ನೋಡಿ ಕಲಿತೋರ ಹಾಗೆ ಜೋಡಿಸಿಟ್ಟಿದ್ದ ಇನ್ನೊಂದು ಜೊತೆ. ಗಂಡಸಿಂದು. ಮಣ್ಣು ಮೆತ್ತಿತ್ತು.

ಕಿವಿ ಹತ್ರ ಪಿಸುಮಾತು. "ಬ್ರೀಡಾ... ಬಂದ್ಲಾ?"

ಆ ಅಜ್ಜಿ ಜಾಗದಲ್ಲಿ ನಾನೇ ಕೂತಿದೀನಿ ಅಂತ ಯಾವ ಮುಖ ಇಟ್ಕೊಂಡು ಹೇಳ್ತಾಳೆ?

"ಬರ್ತಾರೆ," ಅಂದ್ಲು. ಇನ್ನೊಂದು ಸುಳ್ಳು.

"ಸರಿಯಮ್ಮ. ನಿನ್ ಜೊತೇನೇ ಕಾಯ್ತೀನಿ."

ಶೂ ಕೈಲಿ ಹಿಡ್ಕೊಂಡು ಓಡಿದ್ಲು. ಹೊರಗೆ ಅಜ್ಜಿ ಇರ್ಲಿಲ್ಲ. ಆಮೇಲೆ ಮತ್ತೆ ಲಾಕ್‌ಡೌನ್. ಬಾಗಿಲು ತೆಗೆದ ಮೇಲೆ ಎಷ್ಟೋ ಸಲ ಹೋಗಿ ಹುಡುಕಿದ್ಲು. ಅಜ್ಜಿ ಸಿಗಲೇ ಇಲ್ಲ. ಇದನ್ನ ಹೇಳ್ಬೇಕಾದ್ರೆ ಈಗ್ಲೂ ನನ್ನ ಮುಖ ನೋಡಲ್ಲ ಅವಳು.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಹೋದ ವರ್ಷ ಅವಳ ಮನೇಲಿ ನಾನೇ ಉಳ್ಕೊಂಡಿದ್ದೆ, ದೇವರಾಣೆ. ಬಾಗಿಲ ಹತ್ರ ಶೂ ಬಿಡುವಾಗ ಪಕ್ಕದಲ್ಲಿ ಇನ್ನೊಂದು ಜೊತೆಗೆ ಜಾಗ ಬಿಡ್ತಾಳೆ. ನನ್ನ ಚಪ್ಪಲಿ ಅಲ್ಲಿಡೋಕೂ ಬಿಡ್ಲಿಲ್ಲ. ಆ ಮನೇಲಿ ವಾಸ ಇರೋದು ಅವಳೊಬ್ಬಳೇ.

ಬೆಳಿಗ್ಗೆ ಎದ್ದು ನೋಡಿದೆ... ಆ ಜಾಗ ಒದ್ದೆಯಾಗಿತ್ತು.