ಶಿಬಿರಕ್ಕೆ ಬಂದ ಲೀಲಾಧರ

ಆ ವರ್ಷ ಮಳೆಗಾಲ ಯಾರಿಗೂ ಹೇಳದೆ ಮೇ ತಿಂಗಳಲ್ಲೇ ಇಳಿದುಬಿಟ್ಟಿತ್ತು. ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡದೆ, ಹಳಿಯ ಮೇಲೆ ನೀರು ನಿಂತು, ಕಲ್ಯಾಣದ ಕಡೆಗೆ ಹೊರಟಿದ್ದ ಲೋಕಲ್ ಗಾಡಿ ಠಾಕುರ್ಲಿಯಲ್ಲೇ ನಿಂತುಹೋಯಿತು. ಮುಂದೆ ಗಾಡಿಯಿಲ್ಲ, ರಿಕ್ಷಾದವರು ಒಪ್ಪುವುದಿಲ್ಲ. ಜಯಶೀಲ ಚೀಲವನ್ನು ಎದೆಗೆ ಅವುಚಿಕೊಂಡು, ಆ ಊರಿನಲ್ಲಿ ತನಗೆ ಗೊತ್ತಿದ್ದ ಒಂದೇ ಜಾಗಕ್ಕೆ, ಕರಾವಳಿಯವರು ಶನಿವಾರದ ಭಜನೆ ನಡೆಸುವ ಕಟ್ಟಡದ ಕೆಳಗಿನ ಕೋಣೆಗೆ ಬಂದು ಸೇರುವಾಗ ಅಲ್ಲಿ ಮಂಗಳ ಹಾಡಿ ಮುಗಿದಿತ್ತು. ಕರೆಂಟು ಹೋಗಿ, ದೇವರ ಮುಂದಿನ ದೀಪವೊಂದೇ ಉರಿಯುತ್ತಿತ್ತು. ಮನೆಗೆ ಹೋಗಲಾಗದ ನಾಲ್ಕಾರು ಜನ ಅವಲಕ್ಕಿ ಪ್ರಸಾದದ ದೊನ್ನೆ ಹಿಡಿದು ಗೋಡೆಗೊರಗಿ ಕೂತಿದ್ದರು.

ನೆರೂಳದ ಹೋಟೆಲೊಂದರಲ್ಲಿ ಮ್ಯಾನೇಜರನಾಗಿದ್ದ ಜಯಶೀಲ ತನ್ನ ದೊನ್ನೆಯನ್ನು ಹಾಗೆಯೇ ಬದಿಗಿಟ್ಟ. ಮಗಳು ಪ್ರೇಕ್ಷಾ ಕಲ್ಯಾಣದಾಚೆ ಬೆಟ್ಟದ ಬುಡದಲ್ಲಿ ಸ್ಕೌಟ್ಸ್ ಗೈಡ್ಸ್ ಬೇಸಿಗೆ ಶಿಬಿರದಲ್ಲಿದ್ದಳು. ಇಂದು ಪಾಲಕರ ಸಂಜೆ; ಅಪ್ಪನೋ ಅಮ್ಮನೋ ಹೋಗಿ ಮಗುವಿನೊಟ್ಟಿಗೆ ಉಂಡು, ಹಾಡಿ, ಅಲ್ಲೇ ಮಲಗಿ ಬೆಳಿಗ್ಗೆ ಬರಬೇಕು. ಹೋದ ವರ್ಷ ಅವನಿಗೆ ರಜೆ ಸಿಕ್ಕಿರಲಿಲ್ಲ. ಈ ವರ್ಷ ಹೆಂಡತಿ ತಾಯಿಯ ಆಪರೇಷನ್ನಿಗೆಂದು ಕಾಪುವಿಗೆ ಹೋಗಿದ್ದಳು. ನಾನು ಬಂದೇ ಬರುತ್ತೇನೆ ಎಂದು ಅವನು ಮಗಳ ತಲೆ ಮುಟ್ಟಿ ಹೇಳಿದ್ದ. ಈಗ ಎಲ್ಲ ಮಕ್ಕಳ ಪಕ್ಕದಲ್ಲೂ ಒಬ್ಬರು ಕೂತಿರುವಾಗ ಅವಳ ಪಕ್ಕ ಮಾತ್ರ ಖಾಲಿ. ಮತ್ತೆ ಮತ್ತೆ ಫೋನು ಒತ್ತಿದರೂ ಸಂಪರ್ಕ ಸಿಗಲಿಲ್ಲ.

"ಎಷ್ಟು ಸಲ ಒತ್ತುವುದು ಮಾರಾಯ, ಅದಕ್ಕೂ ನೋವಾಗ್ತದೆ" ಎಂದಳು ಗೋಡೆಯ ಬದಿಯಿಂದ ವಾರಿಜಕ್ಕ. ಭಜನಾ ಮಂಡಳಿಗೆಲ್ಲ ಹಿರಿಯಳು, ತಾಳವನ್ನು ಇನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಅವನು ವಿಷಯ ಹೇಳಿದ. ಯಾವ ಶಿಬಿರ, ಎಲ್ಲಿ ಎಂದು ಕೇಳಿ ತಿಳಿದುಕೊಂಡ ಮೇಲೆ ಮುದುಕಿ ತಾಳವನ್ನು ಮಡಿಲಿಂದ ಕೆಳಗಿಟ್ಟಳು.

"ಹಾಗಾದ್ರೆ ನಿನ್ನ ಮಗಳ ಪಕ್ಕ ಖಾಲಿ ಇರ್ಲಿಕ್ಕಿಲ್ಲ."

"ಅಂದ್ರೆ ವಾರಿಜಕ್ಕ?"

"ಹೇಳ್ತೇನೆ. ಗಾಡಿ ಹೊರಡುವವರೆಗೆ ನಿನಗೂ ಬೇರೆ ಕೆಲಸ ಇಲ್ಲ, ನನಗೂ ಇಲ್ಲ."

ಎಲ್ಲರೂ ಹತ್ತಿರ ಸರಿದರು. ಊರಿನಲ್ಲಿ ತನ್ನ ಅಜ್ಜಿ ರಾಗವಾಗಿ ಪುರಾಣ ಓದುವಾಗ ಕಂಬಕ್ಕೊರಗಿ ಕೇಳುತ್ತ ಬೆಳೆದವನು ಜಯಶೀಲ. ಯಾರಾದರೂ ಹೇಳಲು ಕುಳಿತರೆ ಅವನ ಕೈ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ಫೋನನ್ನು ಮೊಣಕಾಲ ಮೇಲಿಟ್ಟು ಕೇಳಲು ಕೂತ.

"ಲೀಲಾಧರ ಅಂತ ಒಬ್ಬ ಇದ್ದ, ಇದೇ ಕಟ್ಟಡದಲ್ಲಿ, ನಮ್ಮ ಮನೆಯ ಎದುರು ಬಾಗಿಲು. ಕಲ್ಯಾಣದಲ್ಲಿ ಒಂದು ಲಂಚ್ ಹೋಮಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿ, ಕಡೆಗೆ ಗಲ್ಲಾದಲ್ಲಿ ಕೂತುಕೊಳ್ಳುವಷ್ಟು ಮೇಲೆ ಬಂದವ... ಆದ್ರೆ ಕೂತ್ರೆ ಅವನಿಗೆ ಸಮಾಧಾನ ಇಲ್ಲ. ಮಧ್ಯಾಹ್ನ ಜನ ತುಂಬಿದ್ರೆ ಎದ್ದು ಬಂದು, ಕೈ ಒರೆಸುವ ಬೈರಾಸು ಹೆಗಲಿಗೆ ಹಾಕಿ, ಸಾಂಬಾರಿನ ಬಾಲ್ದಿ ಹಿಡಿದು ತಾನೇ ಬಡಿಸುವುದು. ಇನ್ನೊಬ್ಬರ ಬಟ್ಟಲು ಖಾಲಿ ಕಂಡ್ರೆ ಅವನಿಗೆ ಆಗುದಿಲ್ಲ. ಹೆಂಡತಿ ಜಲಜಾಕ್ಷಿ, ಒಬ್ಬಳೇ ಮಗಳು ಮಾನಸಿ. ಆ ಮಗು ಗೈಡ್ಸಿಗೆ ಸೇರಿದಂದಿನಿಂದ ಪ್ರತಿ ಬೇಸಿಗೆಗೂ ಕೇಳುವುದು, ಪಪ್ಪಾ, ಪಾಲಕರ ಸಂಜೆಗೆ ಬರ್ತೀರಾ ಅಂತ. ಇವ ಪ್ರತಿ ಬೇಸಿಗೆಗೂ, ಮುಂದಿನ ವರ್ಷ ಖಂಡಿತ ಮಗಾ ಅಂತ. ಬೇಸಿಗೆಯಲ್ಲಿ ಹೋಟೆಲಿನವನಿಗೆ ರಜೆ ಎಲ್ಲಿಂದ... ನಿನಗೆ ನಾನು ಹೇಳ್ಬೇಕಾ ಜಯಶೀಲ?"

ಜಯಶೀಲ ತಲೆ ತಗ್ಗಿಸಿದ.

"ಒಂದು ಚಳಿಗಾಲ ಎದೆ ಹಿಡ್ಕೊಂಡು ಆಸ್ಪತ್ರೆಗೆ ಹೋದವ ಮನೆಗೆ ತಿರುಗಿ ಬರ್ಲಿಲ್ಲ. ನಮ್ಮಲ್ಲಿ ಒಂದು ಕ್ರಮ ಉಂಟು. ಉತ್ತರಕ್ರಿಯೆಯ ಬೊಜ್ಜ ಎಲ್ಲ ಮುಗಿದ ದಿನ ಮುಸ್ಸಂಜೆಗೆ, ಒಳಗೆ ಎಲೆ ಹಾಕಿ ಬಡಿಸಿಟ್ಟು, ಮನೆಯ ಹಿರಿಯವ ಹೊಸ್ತಿಲಲ್ಲಿ ನಿಂತು ಸತ್ತವರನ್ನು ಒಳಗೆ ಕರೀಬೇಕು. ಬಾ, ಒಳಗೆ ಬಾ, ಹಿರಿಯರ ಒಟ್ಟಿಗೆ ಸೇರಿಕೋ ಅಂತ. ಅಲ್ಲಿವರೆಗೆ ಆ ಜೀವ ಹೊರಗೆ. ಯಾವ ಬಾಗಿಲಲ್ಲಿ ಕರೀತಾರೋ ಮತ್ತೆ ಅವ ಆ ಮನೆಯವ."

"ನಾಲ್ಕನೇ ಮಾಳಿಗಿಗೆ ಅಂವ ಲಿಫ್ಟಿನ್ಯಾಗ ಬರ್ತಾನೋ, ಮೆಟ್ಟಲಾ ಹತ್ತಿ ಬರ್ತಾನೋ ಅಕ್ಕಾರ?" ಎಂದ ಹಾರ್ಮೋನಿಯಂ ನುಡಿಸುವ ಗುರುವಪ್ಪ. ಅವನು ಧಾರವಾಡದ ಕಡೆಯವನು.

"ಗುರುವಪ್ಪ, ನೀನು ಪೇಟಿ ಒತ್ತುವಾಗ ನಾನು ನಡುವೆ ಬಾಯಿ ಹಾಕ್ತೇನಾ?"

ಒಂದಿಬ್ಬರು ನಕ್ಕರು. ಗುರುವಪ್ಪ ಕೈ ಮುಗಿದ.

"ಊರಿಂದ ಬಂದ ಲೀಲಾಧರನ ಅಣ್ಣ ಹೊಸ್ತಿಲಲ್ಲಿ ನಿಂತಿದ್ರು. ನಾವೆಲ್ಲ ಉಸಿರು ಬಿಡದೆ ಅವರ ಹಿಂದೆ. ಅವರು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ, ಆ ಮಗು... ಯಾವಾಗ ಹೊರಗೆ ಹೋಗಿತ್ತೋ, ಮೆಟ್ಟಿಲ ಕಟಕಟೆಗೆ ಬಗ್ಗಿ ಕೆಳಗಿನ ಕತ್ತಲೆಗೆ ಹೇಳ್ತದೆ, ಪಪ್ಪಾ, ಇಲ್ಲಿ ಬರ್ಬೇಡಿ, ಇಲ್ಲಿ ಎಲ್ಲ ಅಳ್ತಾರೆ. ನೀವು ಸೀದಾ ಕ್ಯಾಂಪಿಗೆ ಬನ್ನಿ. ಬರ್ತೇನೆ ಅಂತ ಹೇಳಿದ್ದೀರಿ ಅಲ್ವಾ... ದೊಡ್ಡಪ್ಪ ಗದರಿಸಿ ಅವಳನ್ನು ಒಳಗೆ ತಂದ್ರು, ಮತ್ತೆ ಕ್ರಮದ ಪ್ರಕಾರ ತಾವು ಕರೆದ್ರು. ಮಕ್ಕಳ ಮಾತು ಅಂತ ಎಲ್ಲ ಬಿಟ್ಟುಬಿಟ್ರು. ಆದ್ರೆ ಸತ್ತವರು ಹಾಗೆ ಬಿಡ್ತಾರಾ? ಮೊದಲು ಕರೆದದ್ದು ಯಾರು? ಮನಸ್ಸಿಟ್ಟು ಕರೆದದ್ದು ಯಾರು?

"ಬೇಸಿಗೆ ಬಂತು. ಮಾನಸಿ ಶಿಬಿರಕ್ಕೆ ಹೋದಳು. ಜಲಜಾಕ್ಷಿ, ವರ್ಷ ಕಳೀಲಿಲ್ಲ, ಹಾಡು ಕುಣಿತ ಇದ್ದಲ್ಲಿಗೆ ನಾನು ಹೋಗ್ಬಾರ್ದು ಅಂತ ಮನೆಯಲ್ಲೇ ಕೂತಳು. ಪಾಲಕರ ಸಂಜೆಯ ದಿನ ಹೊತ್ತು ಇಳಿಯುವ ಮೊದಲೇ ಶಿಬಿರ ನಡೆಸುವ ಟೀಚರಬಾಯಿಯ ಫೋನು ಬಂತು. ಮರಾಠಿ ಹೆಂಗಸು, ತುಂಬಾ ಒಳ್ಳೆಯವಳು. ಮಾನಸಿಯ ಪಪ್ಪಾ ಮಧ್ಯಾಹ್ನವೇ ಬಂದ್ರು, ನಮಗೆ ಎಷ್ಟು ಸಹಾಯ ಆಯ್ತು ಅಂತೀರಿ, ಸಾಲು ಸಾಲು ಮಕ್ಕಳಿಗೆ ಅವರೇ ಬಡಿಸಿದ್ರು, ತಾವು ಮಾತ್ರ ಒಂದು ತುತ್ತು ಮುಟ್ಟಲಿಲ್ಲ, ಅವರಿಗೆ ಹುಷಾರಿಲ್ವಾ ಅಂತ ಕೇಳ್ಲಿಕ್ಕೆ ಫೋನು ಮಾಡಿದೆ ಅಂದಳು...

"ಜಲಜಾಕ್ಷಿ ಫೋನು ಕೆಳಗಿಡ್ಲಿಲ್ಲ, ಬಾಗಿಲು ಹಾಕ್ಲಿಲ್ಲ, ಹಾಗೆಯೇ ಹೊರಟಳು. ಬಾಗಿಲು ನಾನೇ ಹಾಕಿದ್ದು. ಇಬ್ಬರೂ ಕಲ್ಯಾಣಕ್ಕೆ ಹೋಗಿ ರಿಕ್ಷಾ ಹಿಡಿದೆವು. ದಾರಿಯುದ್ದಕ್ಕೂ ಅವಳದ್ದು ಒಂದೇ ಮಾತು, ಅವರು ಮಗುವನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಾ ವಾರಿಜಕ್ಕ, ಕರ್ಕೊಂಡು ಹೋಗ್ತಾರಾ ಅಂತ. ನಾನೇನು ಹೇಳುವುದು? ತಾಯಿಗೆ ಆ ಹೆದರಿಕೆ ಬಂದ ಮೇಲೆ ಯಾರ ಮಾತು ನಾಟ್ತದೆ?

"ನಾವು ಮುಟ್ಟುವಾಗ ಬೆಟ್ಟದ ಮೇಲೆ ಮೋಡ ಕಟ್ಟಿ ಮುಸ್ಸಂಜೆ ಆಗಿತ್ತು. ಅಲ್ಲಿ ಮಕ್ಕಳೇ ಡೇರೆ ಕಟ್ಟಿ, ಪ್ರತಿ ಡೇರೆಯ ಮುಂದೆ ತಮ್ಮ ಕೋಲುಗಳನ್ನು ಹಗ್ಗದಲ್ಲಿ ಬಿಗಿದು ಒಂದೊಂದು ಬಾಗಿಲು ಮಾಡ್ತಾರೆ. ಯಾರದ್ದು ಚಂದ ಅಂತ ಪಂಥ ಬೇರೆ. ಮಾನಸಿ ಅವಳ ಡೇರೆಯ ಬಾಗಿಲ ಒಳಗೆ ಕೂತಿದ್ದಳು. ನಗ್ತಾ ಇದ್ದಳು. ಅಮ್ಮನನ್ನು ನೋಡಿ ಓಡಿ ಬಂದು, ಮಮ್ಮಿ, ಪಪ್ಪಾ ಬಂದಿದ್ದಾರೆ, ಆದ್ರೆ ಒಳಗೆ ಬರುದಿಲ್ಲ, ನಾನು ಕ್ಯಾಂಪಿಗೆ ಬನ್ನಿ ಅಂತ ಮಾತ್ರ ಹೇಳಿದ್ದಲ್ವಾ, ಅದಕ್ಕೆ ಹೊರಗೆಯೇ ನಿಂತಿದ್ದಾರೆ ಅಂತ ಬೆರಳು ತೋರಿಸಿದಳು."

ಹೊರಗೆ ಮಳೆ ಒಂದೇ ಸಮ ಬೀಳುತ್ತಿತ್ತು. ಜಯಶೀಲನಿಗೆ ತನ್ನ ಒದ್ದೆ ಅಂಗಿಯ ಚಳಿ ಆಗಷ್ಟೇ ತಿಳಿಯಿತು.

"ನೀವು ನೋಡಿದ್ರಾ ಅಕ್ಕಾರ?" ಗುರುವಪ್ಪನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ನಾನು ಬೆನ್ನು ನೋಡಿದೆ. ಬಿಳಿ ಅಂಗಿ, ಹೆಗಲಲ್ಲಿ ಬೈರಾಸು. ಒಂದು ಭುಜ ಸ್ವಲ್ಪ ಕೆಳಗೆ... ವರ್ಷಗಟ್ಟಲೆ ಬಾಲ್ದಿ ಹಿಡಿದವರ ಭುಜ ಹಾಗೆ. ಎದುರು ಮನೆಯವನ ಬೆನ್ನು ನನಗೆ ಗೊತ್ತಾಗುದಿಲ್ವಾ?

"ಜಲಜಾಕ್ಷಿ ಎಲ್ಲ ಯೋಚನೆ ಮಾಡಿಯೇ ಬಂದಿದ್ದಳು. ಕೈ ಮುಗಿದು ಬೇಡಿಕೊಳ್ಳುವುದು, ಠಾಕುರ್ಲಿಗೆ ಬನ್ನಿ, ನಮ್ಮ ಬಾಗಿಲಲ್ಲಿ ನಾನೇ ಕರೀತೇನೆ, ಮಗುವನ್ನು ಬಿಡಿ ಅಂತ ಹೇಳುವುದು. ಅಷ್ಟರಲ್ಲಿ ಮಳೆಯ ಮೊದಲ ಹನಿ ಬಿತ್ತು. ಆ ಬಿಳಿ ಅಂಗಿಯ ಮೇಲೆ ಒಂದೊಂದೇ ಕಲೆ ಮೂಡಿತು. ಅವ ಕದಲಲಿಲ್ಲ... ಬದುಕಿರುವಾಗ ರಾತ್ರಿ ಅಂಗಡಿ ಹಾಕಿ ನೆನೆದು ಬಂದು ಬಾಗಿಲಲ್ಲಿ ಹಾಗೆಯೇ ನಿಂತುಕೊಳ್ಳುವವ ಅಲ್ವಾ, ನೆಲ ಒದ್ದೆ ಆಗ್ತದೆ ಅಂತ. ಆಗ ಇವಳು ಅಡಿಗೆಮನೆಯಿಂದ ಹೇಳುವ ಒಂದು ಮಾತು ಉಂಟು. ಯಾವ ಹೆಂಡತಿ ಹೇಳುದಿಲ್ಲ? ಯೋಚನೆ ಮಾಡಿ ಹೇಳುವ ಮಾತಾ ಅದು? ಅವಳ ಬಾಯಿಂದ ಬಂದೇಬಿಟ್ಟಿತು. ಒಳಗೆ ಬನ್ನಿ, ನೆನೀತೀರಿ...

"ಮುಸ್ಸಂಜೆ. ಬಾಗಿಲು. ಮನೆಯವಳ ಬಾಯಿಯ ಕರೆ. ಇನ್ನೇನು ಬೇಕು ಹೇಳಿ? ನನ್ನ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯ್ತು. ಅವ ತಿರುಗಿದ. ತಲೆ ಬಗ್ಗಿಸಿ ಆ ಕೋಲಿನ ಬಾಗಿಲು ದಾಟಿದ.

"ಆ ರಾತ್ರಿ ತಾಯಿ ಮಗಳು ಡೇರೆಯಲ್ಲಿ ಮಲಗಿದ್ರು, ನಡುವೆ ಒಬ್ಬರಷ್ಟು ಜಾಗ ಬಿಟ್ಟು. ಬೆಳಿಗ್ಗೆ ಮಗು ಸುಖವಾಗಿ ಎದ್ದಳು, ಹಲ್ಲುಜ್ಜಿದಳು, ಬಾವುಟಕ್ಕೆ ಸಲಾಂ ಹೊಡೆದಳು. ಅವಳಿಗೆ ಒಂದು ಕೂದಲು ಕೊಂಕಲಿಲ್ಲ. ಮನೆಯಲ್ಲಿ ಆಟಿ ತಿಂಗಳಲ್ಲಿ ಸತ್ತವರಿಗೆ ಅಂತ ಬಡಿಸಿದ ಎಲೆಯನ್ನು ಮಾತ್ರ ಕಾಗೆ ಮುಟ್ಟಲಿಲ್ಲ. ಹೇಗೆ ಮುಟ್ಟೀತು? ಅವ ಈಗ ಇಲ್ಲಿಯವನಲ್ಲ. ಕರೆದದ್ದು ಅಲ್ಲಿ, ಸೇರಿದ್ದು ಅಲ್ಲಿ. ಮಾನಸಿ ಮದುವೆಯಾಗಿ ಪುಣೆಗೆ ಹೋದಳು, ಜಲಜಾಕ್ಷಿಯೂ ಈಗ ಅವಳೊಟ್ಟಿಗೆ. ಆದ್ರೂ ಪ್ರತಿ ಬೇಸಿಗೆ ಒಮ್ಮೆ ಬಂದು ಆ ಬೆಟ್ಟದ ಬುಡಕ್ಕೆ ಹೋಗ್ತಾಳೆ. ಎಲ್ಲಿಗೆ ಮಾರಾಯ್ತಿ ಅಂತ ಕೇಳಿದ್ರೆ, ಗಂಡನ ಮನೆಗೆ ವಾರಿಜಕ್ಕ, ಅಂತಾಳೆ. ಮನೆಗೆ ಬನ್ನಿ ಅಂತ ಒಮ್ಮೆ ಕರೆದಳಂತೆ. ಅವ ಮಕ್ಕಳ ಸಾಲಿನ ಕಡೆ ನೋಡಿದನಂತೆ. ಇವಳು ಮತ್ತೆ ಒತ್ತಾಯ ಮಾಡ್ಲಿಲ್ಲ. ಯಾರ ಅಪ್ಪ ಅಮ್ಮ ಬರುದಿಲ್ವೋ ಆ ಮಗುವಿನ ಪಕ್ಕ ಕೂತುಕೊಳ್ತಾನಂತೆ. ದೊಡ್ಡವರ ಕರೆ ಅವ ಮುಂದೆ ಹಾಕಿಯಾನು. ಮಕ್ಕಳು ಕರೆದ್ರೆ ಮಾತ್ರ... ಬದುಕಿರುವಾಗ ಮುಂದೆ ಹಾಕಿದ್ದೇ ಸಾಕು ಅಂತಲೋ ಏನೋ, ಈಗ ಇಲ್ಲ ಅನ್ನುದಿಲ್ಲ."

ಆಗ ಜಯಶೀಲನ ಮೊಣಕಾಲ ಮೇಲಿದ್ದ ಫೋನು ಬೆಳಗಿತು. ಗಡಿಬಿಡಿಯಲ್ಲಿ ಒತ್ತಿದ್ದು ಸ್ಪೀಕರಿಗೂ ತಾಗಿ, ಪ್ರೇಕ್ಷಾಳ ದನಿ ಕೋಣೆಯಲ್ಲೆಲ್ಲ ಕೇಳಿಸಿತು.

"ಪಪ್ಪಾ, ಟೆನ್ಷನ್ ಮತ್ ಲೋ. ಟ್ರೇನ್ ಬಂದ್ ಅಂತ ಮ್ಯಾಮ್ ಹೇಳಿದ್ರು. ಮೈಂ ಠೀಕ್ ಹೂಂ."

"ಮಗಾ..." ಅವನು ಫೋನಿಗೆ ಬಾಗಿದ. "ಒಬ್ಬಳೇ ಕೂತಿದ್ದೀಯಾ? ಅಳ್ತಾ ಇದ್ದೀಯಾ?"

"ಇಲ್ಲ ಪಪ್ಪಾ. ಒಬ್ಬರು ಅಂಕಲ್ ಇದ್ದಾರೆ. ಬಹುತ್ ಅಚ್ಛೇ ಹೈಂ. ನನಗೆ ಎರಡು ಸಲ ಸಾಂಬಾರ್ ಹಾಕಿದ್ರು, ನಮ್ಮ ಊರಿನ ಥರ ಕನ್ನಡ ಮಾತಾಡ್ತಾರೆ. ನಾನು ಹೇಳ್ದೆ, ಅಂಕಲ್, ನೀವು ನಮ್ಮ ಮನೆಗೆ ಬನ್ನಿ, ನೆರೂಳಕ್ಕೆ, ಪಕ್ಕಾ ಬನ್ನಿ ಅಂತ. ಬರ್ತೇನೆ ಅಂದ್ರು..."

ಸಂಪರ್ಕ ಕಡಿಯಿತು. ಜಯಶೀಲ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ.

ವಾರಿಜಕ್ಕ ಕೈ ಚಾಚಿ ಅವನ ಒದ್ದೆ ತಲೆಯನ್ನು ಸವರಿದಳು.

"ಶಿಬಿರ ಮುಗಿಯುವುದು ಯಾವಾಗ ಮಗಾ?"

"ಮಂಗಳವಾರ."

"ಹಾಗಾದ್ರೆ ಮಂಗಳವಾರ ಸಂಜೆಗೆ ಒಂದು ಎಲೆ ಹೆಚ್ಚು ಹಾಕು. ಅಷ್ಟರವರೆಗೆ ನೀನು ಹೆದರುವುದು ಬೇಡ... ಅವ ಮಕ್ಕಳನ್ನು ನಡುವಿನಲ್ಲಿ ಬಿಟ್ಟು ಬರುವವನಲ್ಲ."