ಬಾಲದ ಗಾಡಿಯ ಮುಂಡಪ್ಪ

ನೆರೆಯೇರಿದ ನೇತ್ರಾವತಿ ಹೊಳೆ ಸಂಜೆಯ ಹೊತ್ತಿಗೆ ಬಂಟ್ವಾಳದ ಪೇಟೆಬೀದಿಗೆ ಬಂದಿತ್ತು. ಭರತರಾಜರ ಅಂಗಡಿಯಲ್ಲಿ ಅದು ಗಾಬರಿಯ ಸಂಗತಿಯೇನಲ್ಲ. ಟಯರು, ಬ್ಯಾಟರಿ, ಎಣ್ಣೆ ಡಬ್ಬಗಳನ್ನೆಲ್ಲ ಮಧ್ಯಾಹ್ನವೇ ಮಹಡಿಗೆ ಏರಿಸಿ, ಕೆಳಗಿನ ಬಾಗಿಲನ್ನು ನೀರಿಗೆ ಬಿಟ್ಟುಕೊಟ್ಟಾಗಿತ್ತು. ಕರೆಂಟು ಹೋಗಿ ಒಂದು ಎಮರ್ಜೆನ್ಸಿ ದೀಪ ಮಾತ್ರ ಉರಿಯುತ್ತಿತ್ತು. ಮಳೆ ತಗಡಿನ ಮೇಲೆ ಒಂದೇ ಸಮನೆ ಹೊಯ್ಯುತ್ತಿತ್ತು. ಬಂದವರಿಗೆ ಟಯರುಗಳ ಮೇಲೆ ಕುಳಿತು ಕಾಯುವುದೊಂದೇ ಕೆಲಸ.

ವಿಸ್ಮಿತಾ ಕಿಟಕಿಯ ಬಳಿ ಕುಳಿತಿದ್ದಳು. ಮೂಡುಬಿದಿರೆ ಬಿಟ್ಟ ಮೇಲೆ ಅವಳು ಒಂದು ಮಾತೂ ಆಡಿರಲಿಲ್ಲ. ದೊಡ್ಡಪ್ಪನ ಮಗ ಅಶ್ವಿತ್ ಮಸ್ಕತ್ತಿನಿಂದ ರಜೆಯಲ್ಲಿ ಬಂದವನು. ಡಿಸೆಂಬರಿನಲ್ಲಿ ಊರಿನವರ ಗುಂಪು ಕಟ್ಟಿಕೊಂಡು ಒಮಾನಿನ ಮರುಭೂಮಿ ಬೆಟ್ಟಗಳಲ್ಲಿ ಜೀಪು ಓಡಿಸಿ, ಡೇರೆ ಹಾಕಿ ಬರುವ ಯೋಜನೆ ಅವನದು. ಭರತರಾಜರಲ್ಲಿ ಗಾಡಿ ಎಳೆಯುವ ಹಗ್ಗ ಕೊಳ್ಳಲೆಂದು ಅವರಿಬ್ಬರೂ ಮಾಯಿಲಪ್ಪಜ್ಜನೂ ಸೇರಿ ಹೊರಟಿದ್ದರು. ಸಾಲಿನಲ್ಲಿ ದಾರಿ ತೋರುವ ಎದುರಿನ ಗಾಡಿ ತನಗೇ ಎಂದು ವಿಸ್ಮಿತಾ ನಂಬಿದ್ದಳು. ಬೆಳ್ತಂಗಡಿಯ ಏರುಗಳಲ್ಲಿ ಅಪ್ಪನ ಪಿಕಪ್ಪಿಗೆ ರಬ್ಬರ್ ಶೀಟು ಹೇರಿಕೊಂಡು ಓಡಾಡಿದವಳು ಅವಳು. ದಾರಿಯಲ್ಲಿ ಅಶ್ವಿತ್ ಹಗುರವಾಗಿ ಹೇಳಿದ್ದ: "ನಿನ್ನದು ಕೊನೆಯ ಗಾಡಿ." ಕೊನೆಯದಾದರೆ ತಾನು ಬರುವುದೇ ಇಲ್ಲವೆಂದು ಆಗಲೇ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಬಾಯಿಬಿಟ್ಟು ಹೇಳುವುದಷ್ಟೇ ಬಾಕಿ.

"ಎಂತ ಮಾರಾಯ್ತಿ, ಹೊಳೆಯನ್ನು ನುಂಗುವ ಹಾಗೆ ನೋಡ್ತಾ ಇದ್ದೀ?" ಎಂದ ಮಾಯಿಲಪ್ಪಜ್ಜ. ತೋಡಾರಿನ ಈ ಮುದುಕ ಅವರ ಅಜ್ಜನ ತಮ್ಮ. ಹರೆಯವನ್ನೆಲ್ಲ ಮಸ್ಕತ್ತಿನ ಲಾರಿಗಳಲ್ಲಿ ಕಳೆದವನು.

"ಬಾಲದ ಗಾಡಿ ಕೊಟ್ಟದ್ದಕ್ಕೆ ಸಿಟ್ಟು, ಅಜ್ಜ," ಎಂದು ಅಶ್ವಿತ್ ನಕ್ಕ.

"ಧೂಳು ತಿನ್ಲಿಕ್ಕೆ ಒಮಾನಿಗೆ ಯಾಕೆ ಹೋಗ್ಬೇಕು?" ವಿಸ್ಮಿತಾ ಹೊರಗೆ ನೋಡುತ್ತಲೇ ಹೇಳಿದಳು. "ನಮ್ಮ ಕಲ್ಲುಕೋರೆಯಲ್ಲಿ ಧಾರಾಳ ಉಂಟು."

ಮಾಯಿಲಪ್ಪ ನಗಲಿಲ್ಲ. ಭರತರಾಜರ ಕಡೆ ನೋಡಿದ. ಅವರು ತಲೆ ತಗ್ಗಿಸಿ, "ಹೇಳು ಮಾಯಿಲಪ್ಪ. ಹೇಗೂ ನೀರು ಇಳಿಯುವ ಅಂದಾಜಿಲ್ಲ," ಎಂದರು.

ಚಹಾ ತಂದ ಅವರ ಹೆಂಡತಿ ಪದ್ಮಲತಾ ಹುಬ್ಬಳ್ಳಿಯ ಕಡೆಯವರು. "ಕನ್ನಡದಾಗ ಹೇಳ್ರಿ ಮತ್ತ, ನಿಮ್ಮ ತುಳು ನನಗ ಅರ್ಧಾನೂ ತಿಳಿಯೂದಿಲ್ಲ," ಎನ್ನುತ್ತ ಅವರೂ ಕುಳಿತರು. ಮುದುಕ ಲೋಟವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಆರಂಭಿಸಿದ.

"ಹಾಗಾದ್ರೆ ಕೇಳಿ… ಅಲ್ಲಿಯ ಬೆಟ್ಟ ಅಂದ್ರೆ ನಮ್ಮ ಘಟ್ಟದ ಹಾಗೆ ಅಲ್ಲ, ಒಂದು ಮರ ಇಲ್ಲ, ಹಿಡಿ ಹುಲ್ಲಿಲ್ಲ, ಸುಟ್ಟ ಇಟ್ಟಿಗೆಯ ಬಣ್ಣದ ಕಲ್ಲಿನ ಮೇಲೆ ಕಲ್ಲು, ನೀವು ಒಮ್ಮೆ ಕೆಮ್ಮಿದ್ರೆ ಆ ಕೆಮ್ಮು ಕಣಿವೆಯೆಲ್ಲ ಸುತ್ತಿ ವಾಪಸು ಬರುವಾಗ ಬೇರೆ ಯಾರದ್ದೋ ಕೆಮ್ಮಿನ ಹಾಗೆ ಕೇಳ್ತದೆ… ಅಂಥ ಜಾಗಕ್ಕೆ ನಾವು ಈ ಮೂರು ತಾಲೂಕಿನವರು ಹಬ್ಬದ ರಜೆ ಬಂತು ಅಂದ್ರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಪಾತ್ರೆ ಚಾಪೆ ಹೇರಿಕೊಂಡು, ಸಾಲಾಗಿ ಗಾಡಿ ಬಿಡ್ತಾ ಇದ್ದದ್ದು. ಎದುರಿನ ಗಾಡಿ ಯಾವಾಗಲೂ ಈ ಭರತರಾಜನದ್ದು. ಬಾಲ ಅಳದಂಗಡಿಯ ಮುಂಡಪ್ಪನದ್ದು.

"ಬಾಲ ಅಂದ್ರೆ ಎಂತ ಅಂತ ತಿಳ್ಕೊಂಡಿದ್ದೀ ಮಗಳೇ? ಎದುರಿನವನಿಗೆ ದಾರಿ ಗೊತ್ತಿದ್ರೆ ಸಾಕು… ಬಾಲದವನಿಗೆ ಮನುಷ್ಯರು ಗೊತ್ತಿರ್ಬೇಕು. ಯಾರ ಕ್ಲಚ್ಚು ಸುಡ್ತಾ ಉಂಟು, ಯಾರ ಹೆಂಡತಿಗೆ ವಾಂತಿ, ಯಾರು ಹೆದರಿಕೆಯನ್ನು ಜೋಕು ಮಾಡಿ ಮುಚ್ತಾ ಇದ್ದಾನೆ, ಎಲ್ಲ ಹಿಂದಿನಿಂದಲೇ ಕಾಣುವುದು. ಒಂದೊಂದು ಏರು ಮುಗಿದ ಕೂಡಲೇ ಎದುರಿನ ಗಾಡಿ ನಿಲ್ತದೆ, ವಾಕಿಟಾಕಿಯಲ್ಲಿ ಕೇಳ್ತದೆ, 'ಬಾಲ ಬಂತಾ?' ಹಿಂದಿನಿಂದ ಮುಂಡಪ್ಪ ಹೇಳ್ಬೇಕು, 'ಬಾಲ ಬಂತು.' ಅವನು ಹೇಳುವವರೆಗೆ ಯಾರೂ ಮುಂದೆ ಹೋಗ್ಲಿಕ್ಕಿಲ್ಲ, ಯಾರೂ ಅನ್ನಕ್ಕೆ ಕೈ ಹಾಕ್ಲಿಕ್ಕಿಲ್ಲ. ಅದು ನಮ್ಮ ಕಟ್ಟು. ಆ ಎರಡು ಶಬ್ದ ಹೇಳುವಾಗ ಅವನ ಗತ್ತು ನೋಡ್ಬೇಕಿತ್ತು… ಅರಮನೆಯ ಬಾಗಿಲು ಹಾಕಿ ಚಿಲಕ ಇಟ್ಟವನ ಹಾಗೆ.

"ಒಂದು ಸಲ ಕಣಿವೆಯ ತಳದಲ್ಲಿ, ಒಣಗಿದ ಹೊಳೆಯ ಜಲ್ಲಿಯಲ್ಲಿ, ಗುರುತು ಪರಿಚಯ ಇಲ್ಲದ ಒಂದು ಫಿಲಿಪೈನ್ಸಿನ ಸಂಸಾರ ಗಾಡಿಯ ಚಕ್ರ ಹುಗಿದು ಕೂತಿತ್ತು. ನಾವು ಹತ್ತಿ ಹೋದೆವು, ಮುಂಡಪ್ಪ ನಿಂತ. ತಲೆಯ ಮೇಲೆ ಕಪ್ಪು ಮೋಡ. ಭರತರಾಜ ಕೇಳಿದ, 'ಬಾಲ ಬಂತಾ?' 'ಇವರನ್ನು ಏರಿಸಿ ಬರ್ತೇನೆ' ಅಂದ. ಅವರ ಗಾಡಿ ಮೇಲೆ ಬಂತು, ಅದರಲ್ಲಿ ಅವರು ಬಂದ್ರು, ಅವರ ಹಿಂದೆ ನೀರು ಬಂತು… ಮುಂಡಪ್ಪ ಬರ್ಲಿಲ್ಲ. ಅವನ ಗಾಡಿ ಸಿಕ್ಕಿತು, ಬೀಡಿಯ ಕಟ್ಟಿನ ಹಾಗೆ ಹಿಚುಕಿ ಹೋಗಿತ್ತು. ಅವನು ಸಿಗ್ಲಿಲ್ಲ. ಪೋಲೀಸರು ಹುಡುಕಿದ್ರು, ನಾವು ಕಲ್ಲು ಕಲ್ಲು ಮಗುಚಿ ಹುಡುಕಿದೆವು… ಅಳದಂಗಡಿಗೆ ಕಳಿಸ್ಲಿಕ್ಕೆ ಒಂದು ಚಪ್ಪಲಿ ಕೂಡ ಸಿಗ್ಲಿಲ್ಲ."

ಮುದುಕ ಚಹಾ ಕುಡಿದ. ವಿಸ್ಮಿತಾ ಕಿಟಕಿಯಿಂದ ಮುಖ ತಿರುಗಿಸಿದ್ದು ಅವಳಿಗೇ ಗೊತ್ತಾಗಲಿಲ್ಲ.

"ಮತ್ತೆ ಕೆಲವು ವರ್ಷ ನಾವು ಆ ಕಡೆ ತಲೆ ಹಾಕ್ಲಿಲ್ಲ. ಕಡೆಗೆ ಒಂದು ಹಬ್ಬಕ್ಕೆ ಹೊರಟೇ ಬಿಟ್ಟೆವು, ಬಾಲ ನನಗೆ ಬಂತು. ಮುಂಡಪ್ಪನ ಜಾಗ! ನಾನು ಎದೆ ಉಬ್ಬಿಸಿ ಕೂತೆ. ಅದೇ ಕಣಿವೆ ದಾಟಿ ಬೆಟ್ಟದ ನೆತ್ತಿಗೆ ಹೋಗಿ ಡೇರೆ ಹಾಕುವುದು ಅಂತ ಇತ್ತು. ಆದ್ರೆ ಭರತರಾಜ ಜೈನ ಅಲ್ವಾ, ಹೊತ್ತು ಕಂತಿದ ಮೇಲೆ ಒಂದು ಅಗುಳು ಬಾಯಿಗೆ ಹಾಕುವವನಲ್ಲ. ಸೂರ್ಯ ಕೆಂಪಾಗಿದ್ದ, ನೆತ್ತಿ ಇನ್ನೂ ದೂರ. ಕಣಿವೆಯ ತಳದಲ್ಲೇ ಗಾಡಿ ನಿಲ್ಲಿಸಿದ. ಹಾಸಿಗೆಯ ಹಾಗೆ ಮೆತ್ತಗಿನ ಮರಳು…"

"ನಾನೇ ಹೇಳಿದ್ದು," ಭರತರಾಜರು ನಡುವೆ ಬಾಯಿ ಹಾಕಿದರು. "ನೇತ್ರಾವತಿಯ ನೆರೆಯಲ್ಲಿ ಈಜು ಕಲಿತವನು ನಾನು, ಈ ಒಣ ತೋಡಿಗೆ ಹೆದರ್ಬೇಕಾ ಅಂತ."

"ನಾವೆಲ್ಲ ಹೌದು ಹೌದು ಅಂತ ನಕ್ಕೆವು. ಹೊಳೆಬದಿಯವರು ನಾವು, ನೀರಿನ ವಿಷಯ ನಮಗೆ ಬೇರೆಯವರು ಹೇಳುವುದುಂಟಾ? ಮೋಡ ಇದ್ರೆ ನೀರು, ಮೋಡ ಇಲ್ಲದಿದ್ರೆ ಇಲ್ಲ. ಆಕಾಶ ತೊಳೆದಿಟ್ಟ ಬಟ್ಟಲಿನ ಹಾಗೆ ಇತ್ತು. ಅಲ್ಲಿ ಎಲ್ಲೋ ಕಣ್ಣಿಗೆ ಕಾಣದ ಬೆಟ್ಟದಲ್ಲಿ ಮಳೆ ಹೊಯ್ದು, ಇಲ್ಲಿ ಒಣ ಆಕಾಶದ ಕೆಳಗೆ ನೀರು ಬರ್ತದೆ ಅಂತ ನಮಗೆ ಕನಸಿತ್ತಾ? ಡೇರೆ ಎದ್ದಿತು. ಈ ಅಶ್ವಿತನಿಗೆ ಆಗ ಹಲ್ಲು ಬಂದಿರ್ಲಿಲ್ಲ, ಚಾಪೆಯ ಮೇಲೆ ಮಲಗಿದ್ದ. ಭರತರಾಜನ ಬಟ್ಟಲಿಗೆ ಅನ್ನ ಬಿತ್ತು. ಕಟ್ಟು ಬಿಡ್ಲಿಕ್ಕುಂಟಾ, ಅವನು ವಾಕಿಟಾಕಿ ಹಿಡಿದು ಕೇಳಿದ, 'ಬಾಲ ಬಂತಾ?' ಅವನ ಎದುರೇ ನಿಂತಿದ್ದೇನೆ, ಆದ್ರೂ ಹೇಳಿದೆ, 'ಬಾಲ ಬಂತು.'

"ಆಗ… ನನ್ನ ಕೈಯ ವಾಕಿಟಾಕಿಯಲ್ಲಿ… 'ಬೈದಿಜಿ.'

"ಬಂದಿಲ್ಲ ಅಂತ. ತುಳುವಿನಲ್ಲಿ! ಆ ಬೆಟ್ಟದಲ್ಲಿ ನಾವಲ್ಲದೆ ತುಳು ಮಾತಾಡುವವರು ಯಾರಿದ್ದಾರೆ? ನಾನು ಸುತ್ತ ನೋಡಿದೆ. ಎಲ್ಲರೂ ಅಲ್ಲೇ ಇದ್ದಾರೆ, ಗಾಡಿಗಳು ಅಲ್ಲೇ ಉಂಟು. ಯಾರ ಮುಖದಲ್ಲೂ ಕೇಳಿದ ಗುರುತಿಲ್ಲ. ಪುನಃ ಬಂತು ಸ್ವರ… 'ಬಾಲ ನೆತ್ತಿಯಲ್ಲಿ ಉಂಟು ಮಾಯಿಲಪ್ಪ. ನೀವು ಇನ್ನೂ ಕೆಳಗಿದ್ದೀರಿ.' ಬಾಗಿಲಿಗೆ ಚಿಲಕ ಇಡುವವನ ಸ್ವರ… ನನಗೆ ಗೊತ್ತಾಗದೆ ಇರ್ತದಾ?

"ಬಾಲ ಬಂದಿಲ್ಲ, ಎದ್ದೇಳಿ, ಮೇಲೆ ಹೋಗುವ ಅಂದೆ. ಈ ಅಶ್ವಿತನ ಅಪ್ಪ ಚಿದಾನಂದ ಬಿದ್ದು ಬಿದ್ದು ನಕ್ಕ, 'ಬಾಲ ನಿನ್ನ ಹಿಂದೆಯೇ ಉಂಟು ಮಾರಾಯ, ತಿರುಗಿ ನೋಡು' ಅಂತ. ಹೆಂಗಸರು ಬೈದ್ರು, ಮಗು ಮಲಗಿದೆ ಅಂತ. ನಾನು ಎಂತ ಹೇಳ್ಲಿ? ಸತ್ತವ ಕರೀತಾನೆ ಅಂತ ಹೇಳ್ಲಿಕ್ಕಾಗ್ತದಾ? ಬಾಲದವನು ಬಂದಿಲ್ಲ ಅಂದ್ರೆ ಊಟ ಇಲ್ಲ, ಅಷ್ಟೇ ಅಂದೆ. ಸೂರ್ಯ ಬೆಟ್ಟದ ಅಂಚಿನಲ್ಲಿ ಒಂದು ಉಗುರಿನಷ್ಟು ಉಳಿದಿದ್ದಾನೆ. ಈಗ ಎದ್ದರೆ ಈ ಭರತರಾಜನಿಗೆ ಮರುದಿನದವರೆಗೆ ಉಪವಾಸ. ಅವನು ನನ್ನ ಮುಖ ನೋಡಿದ, ಬಟ್ಟಲು ನೋಡಿದ… ಬಟ್ಟಲಿಗೆ ಮುಚ್ಚಳ ಹಾಕಿ ಎದ್ದು ನಿಂತು, 'ಗಾಡಿ ಹತ್ತಿ' ಅಂದ. ಯಾಕೆ ಅಂತ ಒಂದು ಮಾತು ಕೇಳ್ಲಿಲ್ಲ. ಇಂಥವರ ಹಿಂದೆ ಗಾಡಿ ಓಡಿಸಿದವನು ನಾನು, ತಿಳೀತಾ?

"ಡೇರೆ ಅಲ್ಲೇ ಬಿಟ್ಟು, ಬೈಗಳು ತಿನ್ನುತ್ತಾ ನೆತ್ತಿಗೆ ಹತ್ತಿದೆವು. ಅಲ್ಲಿ ಯಾರಿದ್ದಾರೆ? ಗಾಳಿ, ಕಲ್ಲು. ಚಿದಾನಂದ ನನ್ನ ಕಾಲರಿಗೆ ಕೈ ಹಾಕಿಯೇ ಬಿಟ್ಟ… ಆಗ ಕೇಳಿತು. ಸಾವಿರ ಲಾರಿ ಒಟ್ಟಿಗೆ ಜಲ್ಲಿ ಸುರಿದ ಹಾಗೆ. ಒಂದು ಹನಿ ಮಳೆ ಇಲ್ಲ, ಆಕಾಶದಲ್ಲಿ ಆಗ ತಾನೇ ಮೂಡಿದ ನಕ್ಷತ್ರ… ಕೆಳಗೆ ಬೆಟ್ಟದಷ್ಟು ನೀರು. ಡೇರೆ, ಚಾಪೆ, ಅನ್ನದ ಪಾತ್ರೆ, ಏನೂ ಇಲ್ಲ. ಮಗು ಮಲಗಿದ್ದ ಜಾಗದಲ್ಲಿ ಮನೆಯಷ್ಟು ದೊಡ್ಡ ಬಂಡೆ ಉರುಳಿ ಹೋಯ್ತು. ಚಿದಾನಂದನ ಕೈ ನನ್ನ ಕಾಲರಿನಲ್ಲೇ ಇತ್ತು.

"ಮತ್ತೆ ಈ ಭರತರಾಜ ವಾಕಿಟಾಕಿ ಎತ್ತಿದ. ಯಾರ ಮುಖವನ್ನೂ ನೋಡ್ಲಿಲ್ಲ, ಕತ್ತಲೆಗೆ ಕೇಳಿದ, 'ಬಾಲ ಬಂತಾ?' ನಾನು ಉತ್ತರ ಕೊಡ್ಲಿಲ್ಲ. ನನ್ನ ಸರದಿ ಅಲ್ಲ ಅದು… 'ಬತ್ತ್‌ಂಡ್' ಅಂತ ಬಂತು. ಬಂತು ಅಂತ. ಇವನಿಗೂ ಅದು ಕೇಳಿತಾ ಅಂತ ನಾನು ಇವತ್ತಿನವರೆಗೆ ಕೇಳ್ಲಿಲ್ಲ."

ಎಲ್ಲರೂ ಭರತರಾಜರನ್ನು ನೋಡಿದರು. ಅವರು ದೀಪದ ಗಾಜನ್ನು ಪಂಚೆಯ ಚುಂಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ವಿಸ್ಮಿತಾ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

"ಅಶ್ವಿತ್," ಎಂದಳು, "ಬಾಲ ನನ್ನದು. ಬೇರೆ ಯಾರಿಗಾದ್ರೂ ಕೊಟ್ರೆ ನೋಡು ಮತ್ತೆ."

"ಆಯ್ತು ಮಾರಾಯ್ತಿ, ತಿನ್ನು ಧೂಳು," ಎಂದ ಅಶ್ವಿತ್. ಅವನ ಸ್ವರ ಸಣ್ಣದಾಗಿತ್ತು.

ಮಾಯಿಲಪ್ಪನ ಮುಖ ಅರಳಿತು. ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡ.

"ಹಾಗಾದ್ರೆ ನಿನಗೆ ಮಾತ್ರ ಹೇಳುವಂಥದ್ದು ಒಂದುಂಟು. ಈಚೆಗೆ ಫೆಬ್ರವರಿಯಲ್ಲಿ ಆ ಬೆಟ್ಟಕ್ಕೆ ಹೋದ ನಮ್ಮೂರಿನವರಲ್ಲಿ ಬಾಲ ಹಿಡಿದವನು ಹಿಶಾಮ್, ನನ್ನ ಹಳೇ ದೋಸ್ತಿಯ ಮೊಮ್ಮಗ. ನೆತ್ತಿಯಿಂದಲೇ ಫೋನ್ ಮಾಡಿದ. 'ಅಜ್ಜ, ಇಲ್ಲಿ ವಾಕಿಟಾಕಿಯಲ್ಲಿ ಯಾರೋ ತುಳುವಿನಲ್ಲಿ ನಿಮ್ಮನ್ನು ಕೇಳ್ತಾ ಇದ್ದಾರೆ… ಮಾಯಿಲಪ್ಪ ಬಂದನಾ ಅಂತ.' ಇನ್ನೂ ಇಲ್ಲ ಅಂತ ಹೇಳು ಮಗನೇ ಅಂದೆ. ಹೇಳಿದನಂತೆ. 'ಅವಸರ ಇಲ್ಲ, ಕಾಯ್ತೇನೆ' ಅಂದನಂತೆ ಅವನು… ಒಬ್ಬನನ್ನೂ ಹಿಂದೆ ಬಿಟ್ಟು ಹೋದವನಲ್ಲ ಮುಂಡಪ್ಪ, ನನ್ನನ್ನು ಬಿಡ್ತಾನಾ? ಡಿಸೆಂಬರಿನಲ್ಲಿ ನಿನ್ನ ಹತ್ರವೂ ಕೇಳ್ತಾನೆ. ಇನ್ನೂ ಇಲ್ಲ ಅಂತ ಹೇಳು, ಹೆದರ್ಬೇಡ… ಒಂದು ವೇಳೆ ಅವನು ನನ್ನ ವಿಷಯ ಕೇಳದಿದ್ರೆ, ಊರಿಗೆ ಫೋನ್ ಮಾಡ್ಲಿಕ್ಕೆ ಹೋಗ್ಬೇಡ ಮಗಳೇ. ನಾನು ಅವನ ಹತ್ರ ತಲುಪಿ ಆಗಿರ್ತದೆ."