ಅರ್ಧ ಏಟು ನಮ್ಮದಲ್ಲ

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ಎದ್ದು ಹೋಗ್ತೀನಿ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ, ನನ್ನ ಸ್ವಂತ ಷಡ್ಡಕನಿಗೆ ಆಗಿದ್ದು. ನನ್ನವಳ ತಂಗಿ ಗಂಡ. ದೇವರು, ದೆವ್ವ ಎರಡನ್ನೂ ಲೆಕ್ಕಕ್ಕೆ ಇಡದ ಮನುಷ್ಯ.

ಆವತ್ತು ರಾತ್ರಿ ಫೋನ್ ಮಾಡಿದ. "ಭಾವ... ಬೀದಿ ಕೊನೇಲಿ, ಬಾವಿ ಹತ್ರ ಇದೀನಿ. ಬಂದು ಕರ್ಕೊಂಡು ಹೋಗಿ."

ದಿನಾ ಅದೇ ಬಾವಿ ದಾಟಿ ಮನೆಗೆ ಬರೋನು! ಹೋಗಿ ನೋಡಿದ್ರೆ ಬಾವಿಯಿಂದ ಕಣ್ಣು ಕೀಳದೆ ನಿಂತಿದ್ದಾನೆ. ಪ್ಯಾಂಟೆಲ್ಲಾ ಕೆಸರು. ಕೈಯಲ್ಲೊಂದು ಗೇಣುದ್ದದ ಕಬ್ಬಿಣದ ಕೊಳವೆ.

"ಏನಾಯ್ತೋ?"

"ಮೆಲ್ಲಗೆ ಮಾತಾಡಿ..."

ಅವನ ಕೆಲಸ ಮಣ್ಣು ಪರೀಕ್ಷೆ. ಕಟ್ಟಡ ಏಳೋ ಮೊದಲು ಆ ಜಾಗದಲ್ಲಿ ತೂತು ಕೊರೆದು, ಕೆಳಗೆ ಎಂಥಾ ಮಣ್ಣಿದೆ, ನೀರು ಎಷ್ಟು ಆಳದಲ್ಲಿದೆ ಅಂತ ಬರೆದುಕೊಡೋದು. ಮೂರು ಕಾಲಿನ ಕಂಬ ನಿಲ್ಲಿಸಿ, ಹ್ಯಾಮರ್ ಅನ್ನೋ ಭಾರದ ಕಬ್ಬಿಣವನ್ನ ಹಗ್ಗದಲ್ಲಿ ಎತ್ತಿ, ನೆಲಕ್ಕಿಳಿಸಿದ ರಾಡಿನ ತಲೆ ಮೇಲೆ ಬಿಡ್ತಾರೆ. ಠಣ್! ರಾಡು ಒಂದಡಿ ಇಳಿಯೋಕೆ ಎಷ್ಟು ಏಟು ಬೇಕಾಯ್ತು ಅಂತ ಎಣಿಸ್ತಾರೆ. ಹೆಚ್ಚು ಏಟು ತಿಂದ್ರೆ ಗಟ್ಟಿ ನೆಲ, ಕಡಿಮೆ ತಿಂದ್ರೆ ಮೆತ್ತನೆ ನೆಲ. ಇಷ್ಟೇ ವಿದ್ಯೆ.

ಒಬ್ಬ ಡಾಕ್ಟರು ಆಸ್ಪತ್ರೆ ಕಟ್ಟಿಸೋಕೆ ಖಾಲಿ ಜಾಗ ತಗೊಂಡಿದ್ರು. ಅಲ್ಲಿ ಶುರುವಾಯ್ತು ಇವನ ತಲೆನೋವು. ರಾಡಿನ ತುದಿಯ ಕೊಳವೇಲಿ ಮೇಲೆ ಬರೋದು ಬರೀ ಕೆಸರು, ಬೆರಳಿಟ್ರೆ ಒಳಗೆ ಹೋಗುತ್ತೆ. ನೀರಂತೂ ಕೈಗೆಟುಕೋ ಹಾಗಿದೆ... ನೀರಿನ ಆಳ ಅಳೆಯೋ ಟೇಪನ್ನ ತೂತಿಗೆ ಬಿಟ್ಟ ತಕ್ಷಣ ಅದರ ತುದಿಯ ಗುಂಡು ನೀರಿಗೆ ತಾಗಿ 'ಪ್ಲಕ್' ಅನ್ನುತ್ತೆ. ಆದ್ರೆ ಏಟಿನ ಲೆಕ್ಕ ನೋಡಿದ್ರೆ ಬಂಡೆಯ ಲೆಕ್ಕ! ಪಕ್ಕದಲ್ಲಿ ಇನ್ನೊಂದು ತೂತು ಕೊರೆಸಿದ. ಅದೇ ರಾಗ, ಅದೇ ಹಾಡು. ಆಫೀಸಿನ ಸಾಹೇಬ್ರು ಫೋನಲ್ಲಿ "ಎಣಿಸೋಕೂ ಬರಲ್ವೇನ್ರೀ ನಿಮಗೆ?" ಅಂತ ಉಗಿದ್ರು. ಇವನಿಗೆ ಮೈಯೆಲ್ಲಾ ಉರಿ. ಆ ಸಿಟ್ಟನ್ನ ಯಾರ ಮೇಲೆ ತೀರಿಸ್ಕೊಳ್ಳೋದು, ನೆಲದ ಮೇಲಾ?

ಎಣಿಸೋದರಲ್ಲಿ ಅವರದೊಂದು ಅಭ್ಯಾಸ ಇದೆ. ಹ್ಯಾಮರ್ ಬಿದ್ದಾಗ ಕೆಸರು ಮುಖಕ್ಕೆ ಹಾರುತ್ತೆ ಅಂತ ಎಣಿಸೋನು ಬೆನ್ನು ತಿರುಗಿಸಿ ಕೂರ್ತಾನೆ. ಕಣ್ಣಲ್ಲಿ ಎಣಿಸಲ್ಲ. ಕಿವೀಲಿ ಎಣಿಸ್ತಾನೆ.

ಅವನು ಫೋನ್ ಮಾಡಿದ ದಿನವೇ, ಸಂಜೆ. ಕತ್ತಲಾಗ್ತಾ ಬಂದಿತ್ತು. ಬೆನ್ನು ತಿರುಗಿಸಿ ಎಣಿಸ್ತಿದ್ದ. ಠಣ್... ಠಣ್... ರಾಡು ಮಾತ್ರ ಇಳೀತಾನೇ ಇಲ್ಲ. ಸಿಟ್ಟು ನೆತ್ತಿಗೇರಿ ಸರಕ್ಕನೆ ತಿರುಗಿದ.

ಹ್ಯಾಮರ್ ಎತ್ತಿ ಬಿಡೋ ಮೇಸ್ತ್ರಿ ಹಗ್ಗ ಎಳೆದು ಹಿಡ್ಕೊಂಡಿದ್ದಾನೆ. ಹ್ಯಾಮರ್ ಮೇಲೆ ನೇತಾಡ್ತಿದೆ. ಇನ್ನೂ ಬಿಟ್ಟಿಲ್ಲ...

ಠಣ್.

ರಾಡು ಒಂದು ಬೆರಳಷ್ಟು ಮೇಲಕ್ಕೆ ಬಂತು.

"ಮೇಸ್ತ್ರಿ... ನೀನು ಬಿಟ್ಟಿಲ್ವಲ್ಲ?"

"ಇಲ್ಲ ಸಾರ್."

"ಮತ್ತೆ ಯಾರು?"

"ನೋಡ್ಬೇಡಿ ಸಾರ್," ಮೇಸ್ತ್ರಿ ಪಿಸುಗುಟ್ಟಿದ. "ಆ ಕಡೆ ತಿರುಗಿ ಕೂತ್ಕೊಂಡು ಎಣಿಸಿ."

ಇವರು ಒಂದು ಕೊಟ್ರೆ ಕೆಳಗಿಂದ ಒಂದು. ಇಳಿಸಿದಷ್ಟನ್ನೂ ಯಾರೋ ವಾಪಸ್ ಕಳಿಸ್ತಿದ್ರು. ಇವನು ರಾಡು ಮೇಲಕ್ಕೆ ಎತ್ತಿಸಿ, ತುದಿಯ ಆ ಕೊಳವೆ ಬಿಚ್ಚಿಕೊಂಡು ಬಾವಿ ಹತ್ರ ಬಂದಿದ್ದ. ನನ್ನ ಕೈಗೆ ಕೊಟ್ಟ. ಅದರ ಕೆಳತುದಿ ಏಟು ತಿಂದು ತಿಂದು ಚಪ್ಪಟೆಯಾಗಿತ್ತು. ಒಳಗಿನ ಕೆಸರಲ್ಲಿ ಒಂದು ಹರಳೂ ಇರಲಿಲ್ಲ.

"ರೋಗಿಗಳು ಮಲಗೋ ಕಟ್ಟಡ, ಭಾವ. ಅರ್ಧ ಏಟು ನಮ್ಮದಲ್ಲ. ಗಟ್ಟಿ ನೆಲ ಅಂತ ಹೆಂಗೆ ಸಹಿ ಹಾಕ್ಲಿ?" ಅಂದ.

ಬೆಳಗ್ಗೆ ಇಬ್ಬರೂ ಹೋಗಿ ಅದನ್ನ ಡಾಕ್ಟರ ಮೇಜಿನ ಮೇಲಿಟ್ವಿ. ಅವರು ತಿರುಗಿಸಿ ನೋಡಿದ್ರು. ಮುಖ ಅರಳಿತು. "ಭೇಷ್! ಕೆಳಗೆ ಬಂಡೆಯೇ ಇದೆ ಅಂತಾಯ್ತು!"

ಇವನು ಇದ್ದದ್ದನ್ನ ಇದ್ದ ಹಾಗೆ ಹೇಳಿದ. ಡಾಕ್ಟರು ಎದ್ದು ಬಂದು ಅವನ ಕೈ ಹಿಡಿದು ನಾಡಿ ನೋಡಿದ್ರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತು.

ಸಹಿ ಹಾಕಲಿಲ್ಲ ಇವನು. ಕೆಲಸ ಹೋಯ್ತು. ಇನ್ಯಾರೋ ಬಂದ್ರು, ಬೆನ್ನು ತಿರುಗಿಸಿ ಕೂತ್ರು, ಎಣಿಸಿದ್ರು, 'ನೆಲ ಅತ್ಯುತ್ತಮ' ಅಂತ ಬರೆದ್ರು. ಆಸ್ಪತ್ರೆ ಎದ್ದು ನಿಂತಿತು. ಗೋಡೆ ಬಿರುಕು ಬಿಡಲಿಲ್ಲ, ಕಟ್ಟಡ ವಾಲಲಿಲ್ಲ. ನೆಂಟರೆಲ್ಲ ಸೇರಿ ಅವನಿಗೆ 'ಠಣ್' ಅಂತಲೇ ಹೆಸರಿಟ್ರು. ಮದುವೆ ಮನೇಲಿ ಅವನು ಊಟಕ್ಕೆ ಕೂತ್ರೆ ಹಿಂದಿನಿಂದ ಯಾರಾದ್ರೂ ಲೋಟ ಬಡೀತಾರೆ. ಅವನು ತಲೆ ತಗ್ಗಿಸಿ ಉಣ್ತಾನೆ.

ಹೋದ ವಾರ ನನ್ನವಳ ಮಂಡಿನೋವಿಗೆ ಅದೇ ಆಸ್ಪತ್ರೆಗೆ ಹೋಗಬೇಕಾಯ್ತು. ಕೆಳಗಿನ ವಾರ್ಡು ತುಂಬಿ ತುಳುಕ್ತಿದೆ, ನೆಲದ ಮೇಲೂ ಜನ ಮಲಗಿದ್ದಾರೆ. ಮೂಲೇಲಿ ಮಾತ್ರ ಒಂದು ಮಂಚ ಖಾಲಿ. ಅದರ ಕೆಳಗೆ ಟೈಲು ಒಡೆದಿತ್ತು.

"ನೆಲ ಕುಸಿದಿದೆಯಾ ಸಿಸ್ಟರ್?" ಅಂತ ಕೇಳಿದೆ.

"ಎಷ್ಟು ಸಲ ಬದಲಾಯಿಸಿದ್ರೂ ಹಾಗೇ ಆಗುತ್ತೆ. ಅಲ್ಲಿ ಯಾರೂ ಮಲಗಲ್ಲ ಸಾರ್. ನಿದ್ದೆ ಬರಲ್ಲ ಅಂತಾರೆ."

ಬಗ್ಗಿ ಕೈಯಾಡಿಸಿದೆ. ಇದೇ ಕೈ, ನೋಡಿ. ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಸೇದಿಹೋಗ್ಲಿ... ಟೈಲು ಕುಸಿದಿರಲಿಲ್ಲ. ನಡುವೆ, ಮೇಲಕ್ಕೆ ಉಬ್ಬಿತ್ತು.